ತ್ಸೆತ್ಸೆ ಎಂಬ ಮಾತು

ಹಲವು ವರ್ಷಗಳ ಹಿಂದಿನ ಸಂಗತಿ. ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ವಿಜ್ಞಾನ ವಿಭಾಗದ ಹುಡುಗನೊಬ್ಬ ಜೀವಶಾಸ್ತ್ರದ ಪುಸ್ತಕ ಹಿಡಿದುಕೊಂಡು ನನ್ನ ಕೊಠಡಿಗೆ ಬಂದ. ನಿದ್ರಾರೋಗವನ್ನು ಕುರಿತ ಪಾಠದಲ್ಲಿ ಒಂದು ಪದದ ಕೆಳಗೆ ಗೆರೆ ಎಳೆದಿದ್ದ. ‘ಟ್ಸೆ ಟ್ಸೆ ನೊಣ’ ಎಂದು ಅಲ್ಲಿ ಅಚ್ಚಾಗಿತ್ತು. “ಸಾರ್, ಇದಕ್ಕೆ ಅರ್ಥವೇನು? ನಮ್ಮ ಮೇಷ್ಟರನ್ನು ಕೇಳಿದರೆ, ಅದು ಹೆಸರು ಅಷ್ಟೆ, ಅರ್ಥ ಬೇಕಾದರೆ ಕನ್ನಡದವರನ್ನು ಕೇಳು ಎಂದರು” ಎಂದ. ನನಗೂ ತಿಳಿದಿರಲಿಲ್ಲ. “ಆಫ್ರಿಕದ ಯಾವುದೋ ಮಾತು ಕಣಪ್ಪ” ಎಂದು ಹೇಳಿ ಕಳುಹಿಸಿಬಿಟ್ಟೆ.

ಹುಡುಗ ಹೋದಮೇಲೆ ನನ್ನ ಉತ್ತರವೇ ನನಗೆ ಸರಿಕಾಣಲಿಲ್ಲ. ‘ಆಫ್ರಿಕದ ಯಾವುದೋ ಮಾತು’ ಎಂದರೆ ಏನು ಹೇಳಿದಂತಾಯಿತು? ಸಾವಿರಕ್ಕೂ ಮಿಗಿಲಾದ ಭಾಷೆಗಳನ್ನಾಡುವ ಖಂಡ ಅದು. ಯಾರೋ ಪರದೇಶದವನು ‘ಬೆಲ್ಲ’ ಎಂಬ ಪದವನ್ನೆತ್ತಿಕೊಂಡು ‘ಏಷ್ಯದ ಯಾವುದೋ ಮಾತು’ ಎಂದರೆ ನಮಗೆ ಹೇಗಾದೀತು? ಆ ಪದದ ಬೆನ್ನುಹತ್ತಿ ನಾನು ಅಲ್ಲಿ ಇಲ್ಲಿ ಓದಿದ್ದು ಅಂದಿನಿಂದ. ಓದಿದ್ದರಲ್ಲಿ ನಿಘಂಟಿಗಿಂತ ಚರಿತ್ರೆಯೇ ಹೆಚ್ಚಾಯಿತು.

ಮೊದಲು ನಮ್ಮ ಮನೆಯನ್ನೇ ನೋಡಿಕೊಳ್ಳೋಣ. ಕಚ್ಚುವ ಕೀಟಗಳಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಬಯಲುಸೀಮೆಯವರು ಸೊಳ್ಳೆ ಎನ್ನುವುದನ್ನು ಕರಾವಳಿಯ ಕನ್ನಡಿಗರು ನುಸಿ ಎನ್ನುತ್ತಾರೆ. ಮೈಸೂರು ಕಡೆಯವನಿಗೆ ನುಸಿ ಎಂದರೆ ಹಳೆಯ ಬೇಳೆಯನ್ನು ಹಿಡಿಯುವ ಹುಳು. ಆತ ಪುತ್ತೂರಿನ ನೆಂಟರ ಮನೆಯಲ್ಲಿ ಮಲಗಿ “ರಾತ್ರಿಯೆಲ್ಲ ನುಸಿ ಕಚ್ಚಿತೋ?” ಎಂಬ ಪ್ರಶ್ನೆಯನ್ನು ಕೇಳಿದರೆ ಕಕ್ಕಾಬಿಕ್ಕಿಯಾಗುತ್ತಾನೆ. ಅದೇ ಊರಿನಲ್ಲಿ ತುಳು ಆಡುವವರಿಗೆ ಅದು ಉಮಿಲ್. ಉತ್ತರ ಕರ್ನಾಟಕದಲ್ಲಿ ಗುಂಗಾಡು ಉಂಟು, ಕಣ್ಣಿಗೆ ಮುತ್ತುವ ಗುಂಗುರು ಉಂಟು. ದನವನ್ನೂ ನಾಯಿಯನ್ನೂ ಗೋಳುಹೊಯ್ದುಕೊಳ್ಳುವ ತೊಣಚಿ ಉಂಟು. ಗುಂಗಾಡು, ಗುಂಗುರುಗಳಲ್ಲಿ ಕೀಟದ ದನಿಯೇ ಹೆಸರಾಗಿದೆಯೆಂದು ಹೇಳಬೇಕಾದುದಿಲ್ಲ. ನಮ್ಮ ವೈಯಾಕರಣರು ಇಂಥವನ್ನು ಅನುಕರಣ ಶಬ್ದಗಳೆಂದು ಬೇರೆಯಾಗಿಯೇ ಎಣಿಸಿದ್ದಾರೆ.

ಸಂಸ್ಕೃತದಲ್ಲಿ ಕಚ್ಚುವ ನೊಣಕ್ಕೆ ದಂಶವೆಂದು ಹೆಸರು. ಕಚ್ಚುವುದರಿಂದ ದಂಶ, ಧಾತುವಿನಲ್ಲೇ ಹಲ್ಲು ಇದೆ. ಅಮರಸಿಂಹನು ದಂಶಕ್ಕೆ ಪರ್ಯಾಯವಾಗಿ ವನಮಕ್ಷಿಕೆ, ಎಂದರೆ ಕಾಡುನೊಣ, ಎಂಬುದನ್ನು ಕೊಡುತ್ತಾನೆ. ಜೈನ ಮುನಿಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಹಸಿವು, ನೀರಡಿಕೆ, ಚಳಿ, ಸೆಕೆಗಳ ಬೆನ್ನಿಗೇ ಬರುವುದು ದಂಶಮಶಕ ಪರೀಷಹ. ನಮ್ಮ ಪ್ರಾಚೀನ ಗದ್ಯವನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಹುಲಿ ಸಿಂಹಗಳ ಹೆಸರೆತ್ತದೆ ಸೊಳ್ಳೆ ನೊಣಗಳನ್ನು ಹಸಿವಿನ ಸಾಲಿನಲ್ಲಿ ಕೂರಿಸಿದವರು ಕಾಡಿನಲ್ಲಿ ಕುಳಿತು ಬಲ್ಲವರೇ ಇರಬೇಕು. ಇಂದಿನ ಕನ್ನಡದಲ್ಲಿ ದಂಶವು ನೊಣವನ್ನು ಬಿಟ್ಟುಕೊಟ್ಟು ಸರ್ಪದಂಶದಲ್ಲಿ ಮಾತ್ರ ಉಳಿದಿದೆ.

ಇನ್ನು ತ್ಸೆತ್ಸೆಯ ಮಾತು. ಇದು ದಕ್ಷಿಣ ಆಫ್ರಿಕದ ತ್ಸ್ವಾನ ಜನರ ಪದ. ಅವರ ಭಾಷೆ ಬಾಂಟು ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ಅರ್ಥಭೇದವನ್ನು ಪದದ ಕೊನೆಗಲ್ಲ, ತಲೆಗೆ ಹಚ್ಚುತ್ತಾರೆ: ಜನರು ಬಾತ್ಸ್ವಾನ, ಭಾಷೆ ಸೆತ್ಸ್ವಾನ, ನಾಡು ಬೋತ್ಸ್ವಾನ. ಆ ಮೂರನೆಯದೇ 1966ರಲ್ಲಿ ಸ್ವತಂತ್ರವಾದ ದೇಶದ ಹೆಸರು. ಪ್ರತ್ಯಯಗಳನ್ನು ಬಾಲಕ್ಕೆ ಕಟ್ಟುವ ನಮಗೆ ಇದು ಕುದುರೆಗೆ ಹಿಂದುಮುಂದಾಗಿ ಜೀನು ಹಾಕಿದಂತೆ ಕಂಡರೂ ಅವರಿಗೆ ನಮ್ಮದು ಹಾಗೆ ಕಂಡೀತು. ತ್ಸೆತ್ಸೆ ಎಂಬುದು ಹಾರುವ ನೊಣದ ಸದ್ದಿನ ಅನುಕರಣೆ ಎಂದು ಕೆಲವರು ಎನ್ನುತ್ತಾರೆ. ಮಾತಿನ ಜೋಡಿರೂಪವನ್ನು ಕೇಳಿದರೆ ನಮ್ಮ ಕಿವಿಗೂ ಹಾಗೆಯೇ ತೋರುತ್ತದೆ. ಆದರೆ ಅದು ಎಲ್ಲ ನೊಣಗಳಿಗೂ ಸಲ್ಲುವ ಹೆಸರಲ್ಲ. ಮನೆಯ ನೊಣಕ್ಕೆ ಅವರಲ್ಲಿ ‘ನ್‌ತ್ಸಿ’ ಎಂಬ ಬೇರೆ ಪದವಿದೆ. ದನವನ್ನು ಕೊಲ್ಲುವ ನೊಣ ಮಾತ್ರ ತ್ಸೆತ್ಸೆ. ಇದನ್ನು ತಿಳಿದಮೇಲೆ ನಮ್ಮ ‘ತ್ಸೆತ್ಸೆ ನೊಣ’ ಎಂಬ ಪ್ರಯೋಗವು ‘ನಡುಮಧ್ಯೆ’, ‘ಗೇಟುಬಾಗಿಲು’ಗಳ ಜಾತಿಗೆ ಸೇರಿತೆನ್ನಬೇಕು. ಇಂಗ್ಲಿಷಿನವರೂ ಹಾಗೆಯೇ ಮಾಡಿಕೊಂಡಿದ್ದಾರೆ. ಅವರಿಂದ ನಾವು ತಪ್ಪಿನೊಡನೆಯೇ ಪದವನ್ನು ತಂದುಕೊಂಡೆವು.

ಈ ನೊಣ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದಲ್ಲಲ್ಲದೆ ಬೇರೆಲ್ಲೂ ನೆಲೆಸಿಲ್ಲ. (ಅದರ ಬಂಧುಗಳ ಪಳೆಯುಳಿಕೆಗಳು ಅಮೆರಿಕದ ಕೊಲರಾಡೊದಲ್ಲಿ ಸಿಕ್ಕಿವೆಯೆಂಬುದು ಬೇರೆಯೇ ಒಂದು ಸೋಜಿಗ.) ನೋಡಲು ಮನೆಯ ನೊಣಕ್ಕಿಂತ ತುಸು ದೊಡ್ಡದು, ಕಂದುಬಣ್ಣದ್ದು. ಕುಳಿತಾಗ ರೆಕ್ಕೆಗಳನ್ನು ಕತ್ತರಿಯ ಅಲಗಿನಂತೆ ಒಂದರ ಮೇಲೊಂದು ಮಡಚಿಕೊಳ್ಳುತ್ತದೆ. ಸೊಳ್ಳೆಗಳಲ್ಲಿ ಹೆಣ್ಣು ಮಾತ್ರ ರಕ್ತ ಹೀರುತ್ತದೆ. ಇದರಲ್ಲಿ ಗಂಡುಹೆಣ್ಣುಗಳೆರಡೂ ಹೀರುತ್ತವೆ. ಇತರ ನೊಣಗಳಂತೆ ರಾಶಿ ಮೊಟ್ಟೆಯಿಡುವುದಿಲ್ಲ. ಒಂದೇ ಒಂದು ಮರಿಯನ್ನು ಹೊಟ್ಟೆಯೊಳಗೇ ಬೆಳೆಸಿ, ಸುಮಾರು ಒಂಬತ್ತು ಹತ್ತು ದಿನಗಳಿಗೊಮ್ಮೆ ನೆರಳಿನ ಮಣ್ಣಿನಲ್ಲಿ ಹಡೆಯುತ್ತದೆ. ಇಷ್ಟು ನಿಧಾನವಾಗಿ ಸಂತಾನ ಬೆಳೆಸುವ ಕೀಟ ಒಂದು ಖಂಡದ ಚರಿತ್ರೆಯನ್ನು ತಿದ್ದಿತೆಂದರೆ ನಂಬುವುದು ಕಷ್ಟ.

ಪದವನ್ನು ಯುರೋಪಿಗೆ ಕೊಂಡೊಯ್ದವರು ಬೇಟೆಗಾರರು ಮತ್ತು ಪಾದ್ರಿಗಳು. ಅವರಲ್ಲಿ ಇಬ್ಬರಿಗೆ ನಮ್ಮ ದಕ್ಷಿಣ ಭಾರತದ ಋಣ ಇತ್ತೆಂಬುದು ನನಗೆ ತಡವಾಗಿ ತಿಳಿಯಿತು. ಕಾಟನ್ ಓಸ್ವೆಲ್ ಎಂಬಾತ ಮದರಾಸಿನಲ್ಲಿ ಕಂಪನಿ ಸರ್ಕಾರದ ನೌಕರನಾಗಿದ್ದು, ಜ್ವರದಿಂದ ಸೊರಗಿ, ಆರೋಗ್ಯಕ್ಕಾಗಿ ಕೇಪ್ ಪ್ರಾಂತಕ್ಕೆ ಹೋದವನು. ಅವನ ಗೆಳೆಯ ವಾರ್ಡನ್ ಮದರಾಸು ಸೈನ್ಯದ ಅಧಿಕಾರಿ. ದನಗಳು ಸಾಯುವುದು ನೊಣದಿಂದಲೋ, ಅಲ್ಲಿನ ಯಾವುದಾದರೂ ವಿಷದ ಹುಲ್ಲಿನಿಂದಲೋ ಎಂಬ ಸಂಶಯ ಆಗ ಇತ್ತು. ವಾರ್ಡನ್ ತನ್ನ ಕುದುರೆಯನ್ನೇರಿ ನೊಣಗಳಿದ್ದ ಗುಡ್ಡವೊಂದಕ್ಕೆ ಹೋಗಿ, ಅದು ಹುಲ್ಲಿಗೆ ಬಾಯಿ ಹಾಕಲು ಬಿಡದೆ, ಸುತ್ತಲೂ ಕಣ್ಣಾಡಿಸಿ ಹಿಂದಿರುಗಿದ. ಹತ್ತು ದಿನಗಳಲ್ಲಿ ಕುದುರೆ ಸತ್ತಿತು. ಅವನು ತಂದ ಮಾದರಿಗಳನ್ನು ನೋಡಿ ವೆಸ್ಟ್‌ವುಡ್ ಎಂಬ ಕೀಟಶಾಸ್ತ್ರಜ್ಞ 1850ರಲ್ಲಿ ಲಂಡನ್ನಿನಲ್ಲಿ ಈ ಜಾತಿಗೆ ‘ಗ್ಲಾಸಿನ ಮಾರ್ಸಿಟಾನ್ಸ್’ ಎಂದು ಹೆಸರಿಟ್ಟ. ಗ್ಲಾಸಿನ ಎಂಬುದಕ್ಕೆ ಮೂಲ ಗ್ರೀಕಿನ ನಾಲಗೆ. ಮಾರ್ಸಿಟಾನ್ಸ್ ಎಂದರೆ ಲ್ಯಾಟಿನ್ನಿನಲ್ಲಿ ಕಚ್ಚುವುದು. ಪಂಡಿತರ ಹೆಸರು ಪುಸ್ತಕದಲ್ಲಿ ಉಳಿಯಿತು. ದನಗಾಹಿಗಳ ಹೆಸರು ಲೋಕದ ಬಾಯಲ್ಲಿ ನಿಂತಿತು.

ಹಾಗೆ ನಿಲ್ಲಿಸಿದವನು ಮುಖ್ಯವಾಗಿ ಡೇವಿಡ್ ಲಿವಿಂಗ್‌ಸ್ಟನ್. ಅವನು ಸೆತ್ಸ್ವಾನವನ್ನು ಜನರ ನಡುವೆ ಬಾಳಿ ಕಲಿತವನು. ಅವನ ಮಾವ ರಾಬರ್ಟ್ ಮೊಫಟ್ ಆ ಭಾಷೆಗೆ ಬೈಬಲ್ಲನ್ನು ತಂದವನು. ಲಿವಿಂಗ್‌ಸ್ಟನ್ 1857ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದ ಶೀರ್ಷಿಕೆಯ ಪುಟದಲ್ಲಿಯೇ ತ್ಸೆತ್ಸೆಯ ಚಿತ್ರವಿದೆ. ಅದರಲ್ಲಿ ಸಿಂಹವಿದೆ, ಆನೆಯಿದೆ, ಮಹಾಜಲಪಾತವಿದೆ. ಬಾಗಿಲಲ್ಲಿ ನಿಂತಿರುವುದು ಮಾತ್ರ ನೊಣ. ಕಾರಣವುಂಟು. 1851ರಲ್ಲಿ ಚೋಬೆ ನದಿಯ ಕಡೆಗೆ ಹೆಂಡತಿ ಮಕ್ಕಳೊಡನೆ, ಓಸ್ವೆಲ್ಲನೊಡನೆ ಎತ್ತಿನ ಬಂಡಿಗಳಲ್ಲಿ ಹೊರಟಾಗ ನಲವತ್ತಮೂರು ಎತ್ತುಗಳನ್ನು ಅವನು ಕಳೆದುಕೊಂಡ. ಎತ್ತುಗಳ ಮೈಮೇಲೆ ನೊಣಗಳು ಹೆಚ್ಚೇನೂ ಕುಳಿತುದನ್ನು ತಾವು ಕಂಡಿರಲಿಲ್ಲವೆಂದು ಆತ ಹೇಳುತ್ತಾನೆ. ಕಚ್ಚಿದೊಡನೆ ಏನೂ ಆಗುವುದಿಲ್ಲ. ಕೆಲವು ದಿನಗಳಲ್ಲಿ ಕಣ್ಣು ಮೂಗುಗಳಲ್ಲಿ ನೀರು, ದವಡೆಯ ಕೆಳಗೆ ಬಾವು, ನಿಮಿರಿದ ರೋಮ. ಮೇಯುತ್ತಲೇ ಸೊರಗುವ ದನ ತಿಂಗಳುಗಳ ಮೇಲೆ ಸಾಯುವುದೂ ಉಂಟು.

ಚೋಬೆಯ ವಿಷಯದಲ್ಲಿ ಅವನು ಬರೆದ ಒಂದು ಚಿತ್ರವನ್ನು ನಾನು ಮರೆಯಲಾರೆ. ನದಿಯ ದಕ್ಷಿಣ ದಡದಲ್ಲಿ ನೊಣ ತುಂಬಿದೆ. ಐವತ್ತು ಗಜ ದೂರದ ಉತ್ತರದ ದಡದಲ್ಲಿ ಒಂದೂ ಇಲ್ಲ. ಅಲ್ಲಿ ಮಕೊಲೊಲೊ ಜನರ ದನ ಸುಖವಾಗಿ ಮೇಯುತ್ತವೆ. ಜನರು ದಕ್ಷಿಣದಿಂದ ಹಸಿ ಮಾಂಸವನ್ನು ಹೊತ್ತು ದಾಟುವಾಗ ಅದರ ಮೇಲೆ ತ್ಸೆತ್ಸೆಗಳು ಕುಳಿತೇ ಬರುತ್ತವೆ. ಆದರೂ ಆಚೆ ದಡದಲ್ಲಿ ನೆಲೆಸುವುದಿಲ್ಲ. ಮಕೊಲೊಲೊ ದೊರೆ ಸೆಬಿತ್ವಾನೆ ಒಮ್ಮೆ ಅರಿಯದೆ ಇಂಥ ಪ್ರದೇಶವನ್ನು ಹೊಕ್ಕು ತನ್ನ ಜನರ ಸಾವಿರಾರು ದನಗಳನ್ನು ಹೆಚ್ಚುಕಡಮೆ ಪೂರ್ತಿಯಾಗಿ ಕಳೆದುಕೊಂಡಿದ್ದ. ಅಂಥ ಬೆಲೆ ತೆತ್ತು ಜನ ಆ ಗೆರೆಯನ್ನು ಕಲಿತರು. ನೊಣದ ಪಟ್ಟಿ ಕಿರಿದಾಗಿದ್ದರೆ ದನಗಳನ್ನು ರಾತ್ರಿಯ ಹೊತ್ತು ದಾಟಿಸುವುದು, ಮೈಗೆ ಸಗಣಿ, ಹಾಲು, ಮದ್ದುಗಳ ಲೇಪ ಹಚ್ಚುವುದು ಅವರ ಕ್ರಮಗಳಾಗಿದ್ದುವು. ಲೇಪದ ಗುಣ ತಾತ್ಕಾಲಿಕವಷ್ಟೆ. ಬಿಳಿಯ ಬೇಟೆಗಾರರು ಇವೆಲ್ಲವನ್ನೂ ಇವರಿಂದ ಕೇಳಿ ಕಲಿತು, ತಮ್ಮ ಮಾತಿನಲ್ಲಿ ‘ಫ್ಲೈ ಕಂಟ್ರಿ’ ಎಂಬ ಪದವನ್ನು ಕಟ್ಟಿಕೊಂಡರು. ‘ಅದು ನೊಣದ ಸೀಮೆ’ ಎಂದರೆ ಅಲ್ಲಿ ಬಂಡಿ ಬಿಟ್ಟು ಕಾಲ್ನಡೆ ಎಂದರ್ಥ. ಯಾವ ನೊಣ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ನನ್ನ ಬಾಲ್ಯದಲ್ಲಿ, 1960ರ ದಶಕದ ಕೊನೆಯಲ್ಲಿ, ನಮ್ಮ ಅಜ್ಜಿ ಮುಸ್ಸಂಜೆಗೆ ಕೊಟ್ಟಿಗೆಯಲ್ಲಿ ಲಕ್ಕಿಸೊಪ್ಪು ಬೇವಿನಸೊಪ್ಪುಗಳ ಹೊಗೆ ಹಾಕುತ್ತಿದ್ದರು. “ಯಾಕಜ್ಜಿ?” ಎಂದರೆ “ಬಾಯಿಲ್ಲದ ಜೀವ ಕಣೊ, ಅದಕ್ಕೂ ನಿದ್ದೆ ಬೇಡವೆ?” ಎನ್ನುತ್ತಿದ್ದರು. ಅದನ್ನು ಅವರು ಶಾಸ್ತ್ರವೆಂದು ಕರೆಯಲಿಲ್ಲ, ನಾವೂ ಕರೆಯಲಿಲ್ಲ. ದನಗಾಹಿಯ ಅರಿವು ಹೀಗೆ ಕೆಲಸದಲ್ಲಿಯೂ ಹೆಸರಿನಲ್ಲಿಯೂ ಅಡಗಿಕೊಂಡಿರುತ್ತದೆ. ತ್ಸ್ವಾನ ಜನ ಆ ಒಂದು ನೊಣಕ್ಕೆ ಮಾತ್ರ ಬೇರೆ ಹೆಸರಿಟ್ಟರೆಂದರೆ, ಕಾರ್ಯಕಾರಣ ಸಂಬಂಧವೊಂದನ್ನು ಅವರು ಕಂಡಿದ್ದರೆಂದೇ ಅರ್ಥ. ಸೂಕ್ಷ್ಮದರ್ಶಕದ ಕೆಳಗೆ ಅದು ಸಿದ್ಧವಾಗಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಆ ಸಿದ್ಧಿಯ ಮೊದಲ ಮೆಟ್ಟಿಲು ನಮ್ಮ ಕಡೆಯದು. 1880ರಲ್ಲಿ ಆಗಿನ ಪಂಜಾಬಿಗೆ ಸೇರಿದ್ದ ದೇರಾ ಇಸ್ಮಾಯಿಲ್ ಖಾನಿನಲ್ಲಿ ಕುದುರೆ ಒಂಟೆಗಳು ‘ಸರ್ರಾ’ ಎಂಬ ರೋಗದಿಂದ ಸಾಯುತ್ತಿದ್ದುವು. ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯ ಅವುಗಳ ರಕ್ತದಲ್ಲಿ ನುಲಿದಾಡುವ ಸೂಕ್ಷ್ಮಜೀವಿಯೊಂದನ್ನು ಕಂಡ. ದೊಡ್ಡ ಕಂದು ನೊಣ ಕಚ್ಚಿ ಈ ರೋಗ ಬರುತ್ತದೆಂದು ಅಲ್ಲಿನ ಜನ ಹೇಳುತ್ತಿದ್ದುದನ್ನೂ ಅವನು ದಾಖಲಿಸಿದ. ಮೇಲಧಿಕಾರಿಗಳು ಅವನ ಮಾತಿಗೆ ಬೆಲೆ ಕೊಡಲಿಲ್ಲ. ಆ ಜೀವಿಗೆ ಇಂದು ಅವನ ಹೆಸರೇ ಇದೆ. ನಮ್ಮಲ್ಲಿ ತ್ಸೆತ್ಸೆ ಇಲ್ಲವಾದರೂ ದನ ಕುದುರೆಗಳನ್ನು ಕಚ್ಚುವ ದೊಡ್ಡ ನೊಣಗಳು ಸರ್ರಾವನ್ನು ಇಂದಿಗೂ ಹೊತ್ತು ತಿರುಗುತ್ತವೆ. 2000ದಲ್ಲಿ ಭುವನೇಶ್ವರದ ನಂದನಕಾನನ ಮೃಗಾಲಯದಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತದ್ದು ಈ ರೋಗಾಣುವಿನಿಂದಲೇ.

1894ರ ಕೊನೆಯಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯ ಹೆಂಡತಿ ಮೇರಿಯೊಡನೆ ಜುಲು ನಾಡಿನ ಉಬೊಂಬೊ ಗುಡ್ಡವನ್ನು ಸೇರಿದ. ದನಗಳಿಗೆ ಬರುತ್ತಿದ್ದ ‘ನಗಾನ’ವೆಂಬ ರೋಗವನ್ನು ಪರೀಕ್ಷಿಸುವುದು ಅವನ ಕೆಲಸ. ನಗಾನ ಜುಲು ಪದ. ಮನಸ್ಸು ಕುಗ್ಗಿ ಬಾಡಿದಂತಿರುವುದು ಎಂಬ ಅರ್ಥವನ್ನು ಬ್ರೂಸ್ ಕೊಟ್ಟಿದ್ದಾನೆ. ರೋಗದ ದನದ ಕಣ್ಣನ್ನು ನೋಡಿದವರು ಇಟ್ಟ ಹೆಸರು. ಗಂಡಹೆಂಡಿರು ಗುಡಿಸಲಿನ ಜಗಲಿಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ಆರೋಗ್ಯವಾದ ಪ್ರಾಣಿಗಳನ್ನು ಗುಡ್ಡದ ಕೆಳಗಿನ ನೊಣದ ಸೀಮೆಗೆ ಕಳುಹಿಸಿ, ಅಲ್ಲಿಂದ ನೊಣಗಳನ್ನು ಮೇಲಕ್ಕೆ ತರಿಸಿ ಕಚ್ಚಿಸಿ ನೋಡಿದರು. ರಕ್ತದಲ್ಲಿದ್ದುದು ಇವಾನ್ಸ್ ಕಂಡ ಜೀವಿಯ ದಾಯಾದಿ. ಕಾಡುಪ್ರಾಣಿಗಳು ಅದನ್ನು ನೋವಿಲ್ಲದೆ ಮೈಯಲ್ಲಿಟ್ಟುಕೊಂಡಿರುತ್ತವೆ. ನೊಣ ಅಲ್ಲಿಂದ ದನಕ್ಕೆ ದಾಟಿಸುತ್ತದೆ. 1899ರಲ್ಲಿ ಆ ಜೀವಿಗೆ ಬ್ರೂಸನ ಹೆಸರು ಬಂತು. ನೊಣಕ್ಕೆ ತ್ಸ್ವಾನ ಹೆಸರು, ರೋಗಕ್ಕೆ ಜುಲು ಹೆಸರು, ರೋಗಾಣುವಿಗೆ ಇಂಗ್ಲಿಷಿನವನ ಹೆಸರು! ಯಾರು ಯಾವುದನ್ನು ಮೊದಲು ಕಂಡರೋ ಅದರಂತೆ ಹಂಚಿಕೆಯಾಯಿತು ಎಂದು ಬ್ರೂಸನ ಪರವಾಗಿ ಹೇಳಬಹುದು. ಅದು ಅನ್ಯಾಯದ ಮಾತೂ ಅಲ್ಲ.

ತ್ಸೆತ್ಸೆ ಮನುಷ್ಯನಿಗೆ ಹಾನಿ ಮಾಡದೆಂದು ಲಿವಿಂಗ್‌ಸ್ಟನ್ ತಿಳಿದಿದ್ದ. ತಾನೂ ಮಕ್ಕಳೂ ಕಚ್ಚಿಸಿಕೊಂಡು ಸುಖವಾಗಿದ್ದುದೇ ಅವನಿಗೆ ಪ್ರಮಾಣ. ಅವನು ಕಂಡ ಸೀಮೆಗೆ ಅದು ಹೆಚ್ಚುಕಡಮೆ ನಿಜವಿದ್ದೀತು. ಪಶ್ಚಿಮ ಆಫ್ರಿಕದವರಿಗಾದರೋ ನಿದ್ರಾರೋಗ ಹಳೆಯ ಶತ್ರು. ಮಾಲಿ ಸಾಮ್ರಾಜ್ಯದ ದೊರೆಯೊಬ್ಬ 14ನೆಯ ಶತಮಾನದಲ್ಲಿ ಈ ರೋಗದಿಂದ ಸತ್ತನೆಂದು ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ ಬರೆದಿದ್ದಾನೆ. ಕತ್ತಿನ ಹಿಂಭಾಗದಲ್ಲಿ ಗಂಟು ಬಾತವನನ್ನು ಗುಲಾಮರ ವ್ಯಾಪಾರಿಗಳು ಕೊಳ್ಳುತ್ತಿರಲಿಲ್ಲವೆಂದು ಸಿಯೆರ ಲಿಯೋನಿನಲ್ಲಿದ್ದ ವೈದ್ಯ ವಿಂಟರ್‌ಬಾಟಮ್ 1803ರಲ್ಲಿ ಬರೆದ. ಮನುಷ್ಯರನ್ನು ಮಾರುವವರ ಕೈಗೆ ವೈದ್ಯರಿಗಿಂತ ಮೊದಲೇ ರೋಗಲಕ್ಷಣ ತಿಳಿದಿತ್ತು. ವೈದ್ಯಗ್ರಂಥಗಳಲ್ಲಿ ಆ ಗಂಟಿಗೆ ಇಂದಿಗೂ ವಿಂಟರ್‌ಬಾಟಮ್ಮನ ಹೆಸರೇ.

1900ರ ಸುಮಾರಿಗೆ ವಿಕ್ಟೋರಿಯ ಸರೋವರದ ದಂಡೆಯಲ್ಲಿ, ಉಗಾಂಡದಲ್ಲಿ, ಈ ರೋಗ ಬೆಂಕಿಯಂತೆ ಹಬ್ಬಿತು. ಆರೇಳು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಜನ ಸತ್ತರು. ಗಾಂಡ ಭಾಷೆಯಲ್ಲಿ ರೋಗಕ್ಕೆ ತೂಕಡಿಕೆಯ ಅರ್ಥದ ‘ಮೊಂಗೊಟ’ ಎಂಬ ಹೆಸರು, ನೊಣಕ್ಕೆ ‘ಕಿವು’. ಬ್ರೂಸ್ 1903ರಲ್ಲಿ ಅಲ್ಲಿಗೂ ಹೋಗಿ ಎರಡಕ್ಕೂ ಗಂಟುಹಾಕಿದ. ಸರೋವರದ ಸೆಸೆ ದ್ವೀಪಗಳಿಗೆ ಬಂದ ಜರ್ಮನಿಯ ಮಹಾವಿಜ್ಞಾನಿ ರಾಬರ್ಟ್ ಕೋಖ್ ‘ಅಟಾಕ್ಸಿಲ್’ ಎಂಬ ಪಾಷಾಣದ ಮದ್ದನ್ನು ಚುಚ್ಚಿದ. ಎಷ್ಟೋ ರೋಗಿಗಳ ಕಣ್ಣೇ ಹೋಯಿತು. ಕೊನೆಗೆ ಸರ್ಕಾರ ದಂಡೆಯ ಊರುಗಳನ್ನೇ ಎಬ್ಬಿಸಿ ಜನರನ್ನು ಒಳನಾಡಿಗೆ ಕಳುಹಿಸಿತು. ನೊಣದಿಂದ ಜನ ಉಳಿದರು ನಿಜ; ಮೀನು, ದೋಣಿ, ತೋಟಗಳನ್ನು ಬಿಟ್ಟು ಹೋದವರ ನೆಲ ಕಾಡಾಯಿತು.

ಇದಕ್ಕೂ ಮೊದಲೇ ಇನ್ನೊಂದು ವಿಪತ್ತು ಬಂದಿತ್ತು. 1880ರ ದಶಕದ ಕೊನೆಯಲ್ಲಿ ಆಫ್ರಿಕದ ಈಶಾನ್ಯ ಕರಾವಳಿಯಲ್ಲಿ ಇಟಲಿಯ ಸೈನ್ಯ ಇಳಿದಾಗ ಅವರ ಆಹಾರಕ್ಕೆಂದು ತಂದ ದನಗಳೊಡನೆ ರಿಂಡರ್‌ಪೆಸ್ಟ್ ಆ ಖಂಡವನ್ನು ಹೊಕ್ಕಿತು. ಆ ದನಗಳು ಭಾರತದಿಂದ ಹೋದುವು ಎಂದು ಇತಿಹಾಸಕಾರರು ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ‘ದೊಡ್ಡರೋಗ’ವೆಂದರೆ ಇದೇ, ಅದನ್ನು ಕಂಡ ರೈತ ಆ ಹೆಸರನ್ನು ತಗ್ಗಿದ ದನಿಯಲ್ಲಿ ಆಡುತ್ತಿದ್ದ. ಹತ್ತು ವರ್ಷಗಳಲ್ಲಿ ಅದು ಖಂಡದ ತುದಿಗೆ ಮುಟ್ಟಿತು. ಅದು ನುಗ್ಗಿದಲ್ಲೆಲ್ಲ ಹತ್ತರಲ್ಲಿ ಎಂಟೊಂಬತ್ತು ದನ ಸತ್ತುವು. ಕಾಡೆಮ್ಮೆ, ಜಿಂಕೆಗಳೂ ಸತ್ತುವು. ಹೀರಲು ರಕ್ತವಿಲ್ಲದೆ ಮೊದಲು ತ್ಸೆತ್ಸೆಯೂ ಹಿಮ್ಮೆಟ್ಟಿತು. ಲಿಂಪೊಪೊ ನದಿಯ ದಕ್ಷಿಣದ ಹಲವೆಡೆ ಮತ್ತೆ ತಲೆಹಾಕಲೇ ಇಲ್ಲ. ಉಳಿದೆಡೆ ಕಥೆ ಬೇರೆಯಾಯಿತು. ದನವಿಲ್ಲದ ಹುಲ್ಲುಗಾವಲಿನಲ್ಲಿ ಪೊದೆ ಬೆಳೆಯಿತು, ಬರದಿಂದ ಜನ ಚದುರಿದರು, ಕಾಡುಪ್ರಾಣಿಗಳು ದನಗಳಿಗಿಂತ ಬೇಗ ಚೇತರಿಸಿಕೊಂಡುವು. ನೊಣ ಹಳೆಯ ಗೆರೆಗಳನ್ನು ದಾಟಿ ಹಬ್ಬಿತು. ಹೊಸದಾಗಿ ಬಂದ ವಸಾಹತು ಅಧಿಕಾರಿಗಳು ಇದನ್ನು ನೋಡಿ, ಆಫ್ರಿಕವೆಂದರೆ ಹೀಗೆಯೇ, ಅನಾದಿಯಿಂದ ನೊಣದ ವಶದಲ್ಲಿ ಬಿದ್ದ ಪಾಳು ನೆಲವೆಂದು ತಿಳಿದರು.

ಈ ತಿಳಿವಳಿಕೆಯನ್ನು ಅಲುಗಿಸಿದವನು ಜಾನ್ ಫೋರ್ಡ್. ತ್ಸೆತ್ಸೆ ನಿಯಂತ್ರಣದ ಕೆಲಸದಲ್ಲೇ ಜೀವಮಾನ ಸವೆಸಿದ ಈ ವಿಜ್ಞಾನಿ 1971ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಆಫ್ರಿಕದ ಜನ ಬೇಸಾಯದಿಂದ, ಪೊದೆ ಸುಡುವುದರಿಂದ, ದನ ಮೇಯಿಸುವ ಕ್ರಮದಿಂದ ನೊಣವನ್ನು ತಕ್ಕ ದೂರದಲ್ಲಿ ಇಟ್ಟುಕೊಂಡಿದ್ದರೆಂದೂ, ಆ ಏರ್ಪಾಟು ಮುರಿದದ್ದು 19ನೆಯ ಶತಮಾನದ ಕೊನೆಯ ಆ ಉತ್ಪಾತಗಳಲ್ಲೆಂದೂ ವಾದಿಸಿದ. ಸರ್ಕಾರದ ನೌಕರನೊಬ್ಬ ನಿವೃತ್ತಿಯ ಹೊತ್ತಿಗೆ ತನ್ನ ಇಲಾಖೆಯ ತಳಹದಿಯನ್ನೇ ಪ್ರಶ್ನಿಸಿದ್ದನ್ನು ಕಂಡು ನನಗೆ ಅವನ ಮೇಲೆ ಗೌರವ ಹುಟ್ಟಿತು. ಅವನ ವಾದವೆಲ್ಲವನ್ನೂ ಎಲ್ಲರೂ ಒಪ್ಪಿದ್ದಾರೆಂದಲ್ಲ. ಆದರೆ ಚೋಬೆಯ ಎರಡು ದಡಗಳ ಚಿತ್ರವನ್ನು ಓದಿದವನಿಗೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ನೊಣದ ಮೇಲೆ ನಡೆದ ಯುದ್ಧಗಳ ಪಟ್ಟಿಯನ್ನು ನಾನು ಇಲ್ಲಿ ಬಿಡಿಸುವುದಿಲ್ಲ. ಪ್ರಿನ್ಸಿಪೆ ಎಂಬ ದ್ವೀಪದಲ್ಲಿ ಪೋರ್ಚುಗೀಸರು ಕೂಲಿಗಳ ಬೆನ್ನಿಗೆ ಅಂಟು ಬಳಿದ ಕಪ್ಪು ಬಟ್ಟೆ ಕಟ್ಟಿ ತೋಟಗಳಲ್ಲಿ ತಿರುಗಾಡಿಸಿದರು. 1914ರ ಹೊತ್ತಿಗೆ ಅಲ್ಲಿ ನೊಣ ತೀರಿತು, 1956ರಲ್ಲಿ ಮತ್ತೆ ಕಾಣಿಸಿತು. ಮನುಷ್ಯನ ಬೆನ್ನನ್ನೇ ಬಲೆಯಾಗಿಸಿದ ಈ ಉಪಾಯದಲ್ಲಿ ಜಾಣತನವೂ ಇದೆ, ಕ್ರೌರ್ಯವೂ ಇದೆ. ರೊಡೀಷಿಯದಲ್ಲಿ ನೊಣಕ್ಕೆ ಆಹಾರವಿಲ್ಲದಂತೆ ಮಾಡಲು ಲಕ್ಷಗಟ್ಟಲೆ ಕಾಡುಪ್ರಾಣಿಗಳನ್ನು ಕೊಂದರು. ಜಾಂಜಿಬಾರಿನ ಉಂಗುಜ ದ್ವೀಪದಲ್ಲಿ ವಿಕಿರಣದಿಂದ ಬಂಜೆಯಾಗಿಸಿದ ಗಂಡು ನೊಣಗಳನ್ನು ವಿಮಾನದಿಂದ ಬಿಟ್ಟು 1997ರಲ್ಲಿ ಕುಲವನ್ನೇ ಕೊನೆಗಾಣಿಸಿದರು. ನೀಲಿ ಮತ್ತು ಕಪ್ಪು ಬಟ್ಟೆಯ ಬೋನುಗಳು ಬಡ ಹಳ್ಳಿಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿವೆ. ನೀಲಿಗೆ ನೊಣ ಮರುಳಾಗುತ್ತದೆ. ಮನುಷ್ಯರ ನಿದ್ರಾರೋಗ 1998ರಲ್ಲಿ ನಲವತ್ತು ಸಾವಿರದ ಸಮೀಪ ದಾಖಲಾಗಿತ್ತು. 2018ರಲ್ಲಿ ಒಂದು ಸಾವಿರಕ್ಕೂ ಕೆಳಗಿಳಿಯಿತು. ಅದೇ ವರ್ಷ ಬಾಯಿಯ ಮೂಲಕ ನುಂಗುವ ಗುಳಿಗೆಯೊಂದಕ್ಕೂ ಒಪ್ಪಿಗೆ ದೊರೆಯಿತು. ಪಾಷಾಣದ ಚುಚ್ಚುಮದ್ದಿನಲ್ಲಿ ಕಣ್ಣು ಕಳೆದುಕೊಂಡವರ ಮೊಮ್ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಒಂದು ಯುದ್ಧದ ಮಾತನ್ನು ಕನ್ನಡಿಗನಾಗಿ ನಾನು ಬಿಡಲಾರೆ. ಬೋತ್ಸ್ವಾನದ ಒಕವಾಂಗೊ ನದಿ ಸಮುದ್ರವನ್ನು ಸೇರದೆ ಮರಳಿನಲ್ಲಿ ಹರಡಿ ಇಂಗುವ ವಿಶಾಲವಾದ ಜೌಗುಭೂಮಿಯಿದೆ. ಅಲ್ಲಿನ ತ್ಸೆತ್ಸೆಯ ಮೇಲೆ 1970ರ ದಶಕದಿಂದ ವರ್ಷ ವರ್ಷವೂ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಈ ಹೆಸರನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟೆ. ಹೆಚ್ಚುಕಡಮೆ ಅದೇ ದಶಕಗಳಲ್ಲಿ ಕಾಸರಗೋಡಿನ ಮತ್ತು ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ, ಕೊಕ್ಕಡದಂಥ ಊರುಗಳ ಮಾಡು ಬಾವಿಗಳ ಮೇಲೆ, ಆಕಾಶದಿಂದ ಬಿದ್ದದ್ದು ಅದೇ ವಿಷ. ಅಲ್ಲಿ ಹುಟ್ಟಿದ ಮಕ್ಕಳ ಸಂಕಟವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ನಿಷೇಧಿಸಿತು. ಒಂದೆಡೆ ನೊಣಕ್ಕೆ, ಇನ್ನೊಂದೆಡೆ ಗೇರಿನ ಚಹಾಸೊಳ್ಳೆಗೆ. ಹೌದು, ಗೇರಿನ ಚಿಗುರನ್ನು ಹೀರುವ ಆ ಕೀಟದ ಹೆಸರಿನಲ್ಲೂ ಸೊಳ್ಳೆ ಇದೆ; ಅದು ಸೊಳ್ಳೆಯಲ್ಲ, ಯಾರನ್ನೂ ಕಚ್ಚುವುದೂ ಇಲ್ಲ.

ಒಕವಾಂಗೊದ ನೊಣ ಎಂಡೋಸಲ್ಫಾನಿಗೆ ಪೂರ್ತಿ ಬಗ್ಗಲಿಲ್ಲ. 2001 ಮತ್ತು 2002ರಲ್ಲಿ ಬೇರೊಂದು ಔಷಧವನ್ನು ಲೆಕ್ಕಹಾಕಿ, ಮಣ್ಣಿನಲ್ಲಿರುವ ಮರಿಗಳು ಹೊರಬರುವ ದಿನಗಳನ್ನು ಎಣಿಸಿ, ಸುತ್ತು ಸುತ್ತಾಗಿ ಸಿಂಪಡಿಸಿದರು. ನೊಣ ಅಲ್ಲಿಂದ ಕಾಣೆಯಾಯಿತು. ದನ ಸಾಕುವವರು ಹಿಗ್ಗಿದರು. ಜೌಗಿನ ಒಳಕ್ಕೆ ದನಗಳು ನುಗ್ಗದಂತೆ ತಡೆದು ಆನೆ ಜಿಂಕೆಗಳನ್ನು ಕಾಪಾಡಿದ ಕಾವಲುಗಾರ ಆ ನೊಣವೇ ಆಗಿತ್ತು, ಇನ್ನು ಯಾರು ಕಾಯುವವರು ಎಂದು ಅರಣ್ಯಪ್ರೇಮಿಗಳು ಕೇಳಿದರು.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನು ಮತ್ತೆ ಪುಸ್ತಕ ಹಿಡಿದು ಬಂದರೆ, ಅದು ತ್ಸ್ವಾನರ ಮಾತು, ದನ ಕೊಲ್ಲುವ ನೊಣವೆಂದು ಅರ್ಥ, ಮುಂದೆ ‘ನೊಣ’ ಎಂದು ಸೇರಿಸಬೇಕಾಗಿಲ್ಲ ಎಂದು ಹೇಳಿಕಳುಹಿಸುತ್ತಿದ್ದೆ. ಒಕವಾಂಗೊ ದಂಡೆಯಲ್ಲಿ ಇಂದು ಹುಟ್ಟಿ ಬೆಳೆಯುವ ತ್ಸ್ವಾನ ಮಗು ತನ್ನ ಭಾಷೆಯ ಆ ಪದವನ್ನು, ನಮ್ಮ ಹುಡುಗರಂತೆಯೇ, ಪುಸ್ತಕದಿಂದಲೋ ಅಜ್ಜನ ಬಾಯಿಂದಲೋ ಕಲಿಯಬೇಕಾಗಿದೆ.